ಜೇಬಿದ್ದ ಕೌದಿ

‘ಹಳೇ ಬಟ್ಟೆಗೆ ಹೊಸಾ ಪಾತ್ರೇ’ ಎಂಬ ಕೂಗು ಬೀದಿಯ ತುದಿಯಲ್ಲಿ ಕೇಳಿದರೆ ಸಾಕು, ನನ್ನೆದೆ ಇವತ್ತಿಗೂ ಧಸಕ್ ಎನ್ನುತ್ತದೆ. ಉಳಿದ ಹೆಂಗಸರು ಬೀರು ತೆಗೆದು ಹರಿದ ಸೀರೆ, ಬಣ್ಣಗೆಟ್ಟ ಪ್ಯಾಂಟು ಎಳೆದುಕೊಂಡು ಗೇಟಿಗೆ ಓಡುತ್ತಾರೆ. ನಾನು ಬಾಗಿಲು ಹಾಕಿ ಚಿಲಕ ಸರಿಸುತ್ತೇನೆ. ಪಾತ್ರೆ ಮಾರುವವರಿಗೆ ಹೆದರುವ ಹೆಂಗಸನ್ನು ನನ್ನ ಮಗಳು ಇಡೀ ಬೆಂಗಳೂರಿನಲ್ಲಿ ಎಲ್ಲೂ ಕಂಡಿಲ್ಲವಂತೆ. ಅವಳಿಗೆ ನಾನು ಕಾರಣ ಹೇಳಿಲ್ಲ. ನಿಮಗೆ ಹೇಳಿಬಿಡುತ್ತೇನೆ, ನೀವೇನು ನಮ್ಮ ನೆಂಟರಲ್ಲವಲ್ಲ.

ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ನಾವು ಆಗ ನಾಗಸಂದ್ರದ ಒಳಗಿನ ಒಂದು ವಠಾರದಲ್ಲಿದ್ದೆವು. ಒಂದು ರೂಮು, ಅದಕ್ಕಂಟಿದ ಒಂದು ಅಡುಗೆಮನೆ, ಆರು ಸಂಸಾರಕ್ಕೆ ಒಂದೇ ನಲ್ಲಿ. ನಮ್ಮ ಯಜಮಾನರು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಓಡಿಸುತ್ತಿದ್ದರು. ಸಂಬಳ ಬಂದ ವಾರ ಮನೆಯಲ್ಲಿ ಚಪಾತಿ ಸಾಗು. ತಿಂಗಳ ಕೊನೆಗೆ ಮೂರು ಹೊತ್ತೂ ರಾಗಿಮುದ್ದೆ, ಹುರುಳಿ ಸಾರು. ಬಡತನ ಎಂದು ನಾನು ಅದನ್ನು ಕರೆಯುತ್ತಿರಲಿಲ್ಲ. ‘ನಮ್ಮನೇಲಿ ಏನೂ ವೇಸ್ಟ್ ಮಾಡಲ್ಲ’ ಎಂದು ಎಲ್ಲರೆದುರೂ ಗತ್ತಿನಿಂದ ಹೇಳಿಕೊಳ್ಳುತ್ತಿದ್ದೆ.

ಆ ಗತ್ತಿನ ಫಲಗಳು ಮನೆ ತುಂಬಾ ನೇತಾಡುತ್ತಿದ್ದವು. ಒಡೆದ ಬಳೆಚೂರುಗಳನ್ನು ಮೇಣದಬತ್ತಿಯ ಉರಿಯಲ್ಲಿ ಬಗ್ಗಿಸಿ ಕೊಂಡಿ ಹಾಕಿ ಮಾಡಿದ ತೋರಣ ಬಾಗಿಲಿಗೆ. ಪ್ಲಾಸ್ಟಿಕ್ ವೈರಿನಲ್ಲಿ ಹೆಣೆದ ಬುಟ್ಟಿ ತರಕಾರಿಗೆ. ಫ್ರಿಜ್ಜಿನ ಹಿಡಿಕೆಗೆ ಕ್ರೋಶಾ ಕಡ್ಡಿಯಲ್ಲಿ ಗುಲಾಬಿ ಬಣ್ಣದ ಕವಚವನ್ನೂ ಹೆಣೆದಿದ್ದೆ. ಅಂಚಿಗೆ ಮುತ್ತು ಬೇರೆ. ಬಹಳ ಚೆನ್ನಾಗಿ ಬಂದಿತ್ತು. ಫ್ರಿಜ್ ಮಾತ್ರ ನಮ್ಮಲ್ಲಿರಲಿಲ್ಲ. ಗಾರ್ಮೆಂಟ್ಸ್‌ನಿಂದ ಬರುತ್ತಿದ್ದ ಕಟ್‌ಪೀಸುಗಳನ್ನು ಗಿಡಿದು ಒಂದು ದಿಂಬು ಮಾಡಿದ್ದೆ. ಊರಿಂದ ಬಂದ ನಮ್ಮವರ ಚಿಕ್ಕಪ್ಪ ಒಂದೇ ಒಂದು ರಾತ್ರಿ ಅದರ ಮೇಲೆ ಮಲಗಿ, ಬೆಳಗ್ಗೆ ಕತ್ತನ್ನು ಎಡಕ್ಕೇ ತಿರುಗಿಸಿಕೊಂಡು ಬಸ್ ಹತ್ತಿದರು. ಆಮೇಲೆ ಅವರು ನಮ್ಮ ಮನೆಯಲ್ಲಿ ಉಳಿದದ್ದು ನನಗೆ ನೆನಪಿಲ್ಲ.

ಈ ಚಟ ಅಂಟಿಸಿದವಳು ಮಾಗಡಿ ಕಡೆಯ ನಮ್ಮಜ್ಜಿ. ಅವಳಿಗೆ ಕಣ್ಣು ಮಂದ, ಕೈ ಚುರುಕು. ಸೂಜಿಗೆ ದಾರ ಪೋಣಿಸಿಕೊಡುವುದು ನನ್ನ ಕೆಲಸ. ಒಂದೇ ಸಲಕ್ಕೆ ಹತ್ತು ಸೂಜಿ ಪೋಣಿಸಿ ಅವಳ ಸೆರಗಿಗೆ ಚುಚ್ಚಿಟ್ಟು ಆಟಕ್ಕೆ ಓಡುತ್ತಿದ್ದೆ. ಹಳೇ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ ಅವಳು ಹೊಲಿಯುತ್ತಿದ್ದ ಕೌದಿಯೊಳಗೆ ನಾವು ಮೊಮ್ಮಕ್ಕಳು ನಾಲ್ವರು ಹೊಕ್ಕು ಮಲಗುತ್ತಿದ್ದೆವು. ಇದು ದೊಡ್ಡಮ್ಮನ ಸೀರೆ, ಇದು ತಾತನ ಪಂಚೆ, ಇದು ನಿನ್ನ ಲಂಗ ಕಣೇ ಎಂದು ಬೆರಳಿಟ್ಟು ತೋರಿಸುತ್ತಾ, ಯಾರ ತುಂಡಿನ ಮೇಲೆ ಯಾರು ಕಾಲಿಟ್ಟರು ಎಂದು ಜಗಳವಾಡುತ್ತಾ ನಿದ್ದೆ ಹೋಗುತ್ತಿದ್ದೆವು. ಆ ಕೌದಿಗಿದ್ದ ನುಸಿಗುಳಿಗೆಯ ವಾಸನೆ ಬಂದರೆ ನನಗೆ ಈಗಲೂ ಆಕಳಿಕೆ ಬರುತ್ತದೆ.

ವಿಷಯಕ್ಕೆ ಬರುತ್ತೇನೆ. ಲೇತ್ ಮೆಷಿನ್ನಿನ ಎಣ್ಣೆ ಒರೆಸಲು ಪೀಣ್ಯದ ವರ್ಕ್‌ಶಾಪುಗಳಿಗೆ ವೇಸ್ಟ್ ಬಟ್ಟೆ ಮೂಟೆಗಟ್ಟಲೆ ಬರುತ್ತದೆ. ಹಳೇ ಬನಿಯನ್ನು, ನೈಟಿ, ಸೀರೆ, ಮಕ್ಕಳ ಚಡ್ಡಿ, ಎಲ್ಲ ಹರಿದ ತುಂಡುಗಳು. ಓನರನ್ನು ಕೇಳಿ ನಮ್ಮವರು ಒರೆಸಿ ಬಿಟ್ಟ ತುಂಡುಗಳನ್ನು ಶನಿವಾರಕ್ಕೊಮ್ಮೆ ಒಂದು ಕವರಿನ ತುಂಬಾ ತರುತ್ತಿದ್ದರು, ನಾನು ಅದನ್ನು ಸೋಪಿನ ನೀರಲ್ಲಿ ಕುದಿಸಿ, ಜಡೆ ಹೆಣೆದು, ಸುತ್ತಿ ಸುತ್ತಿ ಕಾಲೊರಸು ಹೊಲಿಯುತ್ತಿದ್ದೆ. ವಠಾರದ ಆರೂ ಬಾಗಿಲಿಗೆ ನನ್ನದೇ ಕಾಲೊರಸು. ಈ ತುಂಡುಗಳು ಎಲ್ಲಿಂದ ಬರುತ್ತವೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಅಕ್ಕಿ ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಯೋಚಿಸುತ್ತಾರೆಯೇ, ಹಾಗೆ.

ನಮ್ಮವರಿಗೆ ಒಬ್ಬಳೇ ತಂಗಿ, ಶೋಭಾ. ಗಂಡನಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ, ಜಾಲಹಳ್ಳಿಯಲ್ಲಿ ಕ್ವಾರ್ಟರ್ಸು. ಮನೆ ಮುಂದೆ ದಾಸವಾಳ, ಒಳಗೆ ಸೋಫಾ, ಹಿಡಿಕೆ ಇರುವ ಫ್ರಿಜ್ಜು. ಒಳ್ಳೆಯ ಹುಡುಗಿಯೇ. ಆದರೆ ಮಾತು ಕಮ್ಮಿ. ಮಾತು ಕಮ್ಮಿ ಇರುವವರ ಬಗ್ಗೆ ನನ್ನಂಥ ಬಾಯಿಬಡುಕಿಗೆ ಸದಾ ಒಂದು ಅನುಮಾನ, ಒಳಗೊಳಗೇ ನಮ್ಮನ್ನು ಅಳೆಯುತ್ತಿದ್ದಾರೇನೋ ಎಂದು. ಅವಳಿಗೆ ಹೆಣ್ಣುಮಗು ಹುಟ್ಟಿತು. ಮೂರು ತಿಂಗಳು ತುಂಬಿದ ಮೇಲೆ ನಾಮಕರಣ ಎಂದರು. ಅದಕ್ಕೆ ಸೋದರತ್ತೆ ಏನಾದರೂ ಒಯ್ಯಬೇಕಲ್ಲ? ಬೆಳ್ಳಿ ಲೋಟ ನಮ್ಮಿಂದಾಗದು. ಹಸುಗೂಸನ್ನು ಹಳೇ ಸೀರೆಯ ಮೆತ್ತನೆ ಬಟ್ಟೆಯ ಮೇಲೇ ಮಲಗಿಸಬೇಕು ಎನ್ನುವುದು ನಮ್ಮಲ್ಲಿ ರೂಢಿ. ಕೌದಿ ಹೊಲಿಯುತ್ತೇನೆ ಎಂದು ನಿರ್ಧರಿಸಿದೆ.

ನಮ್ಮತ್ತೆ ತೀರಿಕೊಂಡು ಆಗ ಒಂದು ವರ್ಷ. ಸಾಸಿವೆ ಬಣ್ಣದ ಅಂಚಿನ ಅವರ ಹಸಿರು ಸೀರೆಯೊಂದನ್ನು ನಮ್ಮವರು ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಅದನ್ನು ಕತ್ತರಿಸಲೇ ಎಂದು ಕೇಳಿದಾಗ ಟ್ರಂಕಿನಿಂದ ಹೊರತೆಗೆದು ಒಮ್ಮೆ ಪೂರ್ತಿ ಬಿಡಿಸಿ ನೋಡಿದರು. ಆಮೇಲೆ, ಅಮ್ಮನ ಸೀರೆ ಶೋಭಾಳ ಮಗುವಿಗೇ ಹೋಗಲಿ ಎಂದು ಹೇಳಿ, ಕತ್ತರಿ ಆಡುವ ಹೊತ್ತಿಗೆ ಹೊರಗೆ ಹೋಗಿ ಕೂತರು. ಪಕ್ಕದ ರೂಮಿನಲ್ಲಿ ಕೊಪ್ಪಳದ ಕಡೆಯ ಯಲ್ಲವ್ವ ಇದ್ದಳು. ಗಂಡ ಹೆಂಡತಿ ಇಬ್ಬರೂ ಬಿಲ್ಡಿಂಗ್ ಕೆಲಸಕ್ಕೆ ಹೋಗುವವರು. ಕೌದಿ ಹೊಲಿಗೆಯಲ್ಲಿ ಅವಳನ್ನು ಮೀರಿಸುವವರಿಲ್ಲ. ನನ್ನ ಹೊಲಿಗೆ ನೋಡಿ ಕೋಳಿ ಕೆದರಿದ್ಹಂಗ ಐತಿ ಎಂದು ನಕ್ಕು, ಎರಡು ಸಲ ಬಿಚ್ಚಿಸಿ ಮೂರನೇ ಸಲಕ್ಕೆ ಒಪ್ಪಿಕೊಂಡಳು.

ಆದರೆ ಒಂದು ವಿಷಯಕ್ಕೆ ಅವಳು ಕೊನೆಯವರೆಗೂ ಒಪ್ಪಲಿಲ್ಲ. ಕೌದಿಗೆ ನಾನೊಂದು ಜೇಬಿಟ್ಟಿದ್ದೆ. ನಮ್ಮವರ ಹಳೇ ನೀಲಿ ಯೂನಿಫಾರ್ಮ್ ಶರ್ಟಿನ ಎದೆಜೇಬು. ಪೆನ್ನು ಸೋರಿ ಆದ ಮಸಿ ಕಲೆಯ ಸಮೇತ ಹಾಗೇ ಕತ್ತರಿಸಿ ಒಂದು ಮೂಲೆಗೆ ಹೊಲಿದೆ. ಮಗುವಿನ ಕರ್ಚೀಫು ಇಡಬಹುದು, ಬಜೆಬೇರು ಇಡಬಹುದು, ಸೋದರಮಾವನ ಗುರುತೂ ಆಯಿತು ಎಂದು ನನ್ನ ಐಡಿಯಾಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಯಲ್ಲವ್ವ ಮಾತ್ರ ಕೈಯಲ್ಲಿ ಹಿಡಿದು ಮುಟ್ಟಿ ಮುಟ್ಟಿ ನೋಡಿ, “ಕೌದಿಗೆ ಯಾರರ ಕಿಸೆ ಇಡ್ತಾರೇನ ಯವ್ವಾ? ಅದೇನು ಸಂತಿಗೆ ಹೋಗತೈತೇನು?” ಎಂದಳು.

ನಾಮಕರಣದ ದಿನ ಎಲ್ಲರೂ ಬೆಳ್ಳಿ, ಬಟ್ಟೆ, ಆಟದ ಸಾಮಾನು ಕೊಟ್ಟರು. ನಾನು ಕೌದಿ ಕೊಟ್ಟೆ. ಶೋಭಾ ಅದನ್ನು ಬಿಡಿಸಿ, ಹಸಿರು ಸೀರೆಯ ಮೇಲೆ ಒಂದು ಸಲ ಕೈಯಾಡಿಸಿ, ಮಡಿಸಿಕೊಂಡು ಒಳಗೆ ಹೋದಳು. ಚೆನ್ನಾಗಿದೆ ಎನ್ನಲಿಲ್ಲ, ಯಾರಿಗೂ ತೋರಿಸಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಇದನ್ನೇ ಹೇಳಿ ಹೇಳಿ ನಮ್ಮವರ ತಲೆ ತಿಂದೆ. ಅವರು ಕಿಟಕಿಯ ಕಡೆ ಮುಖ ಮಾಡಿ ನಿದ್ದೆ ಬಂದವರಂತೆ ಕೂತರು.

ಇದಾಗಿ ಎರಡು ವರ್ಷಕ್ಕೆ ಹತ್ತಿರ. ಒಂದು ಶನಿವಾರ ಸಂಜೆ ಎಂದಿನಂತೆ ಕವರು ಬಂತು. ನೆಲಕ್ಕೆ ಸುರಿದು ಬನಿಯನ್ ಒಂದು ಕಡೆ, ಸೀರೆ ತುಂಡು ಒಂದು ಕಡೆ ಎಂದು ವಿಂಗಡಿಸುತ್ತಿದ್ದೆ. ಕೈಗೆ ದಪ್ಪನೆಯದೊಂದು ಸಿಕ್ಕಿತು. ಎಣ್ಣೆ ಕುಡಿದು ಕಪ್ಪಾಗಿತ್ತು. ತಿರುಗಿಸಿದೆ. ಜೇಬು. ನೀಲಿ ಜೇಬು, ಅದರ ಕೆಳಗೆ ಮಸಿ ಕಲೆ.

ಸ್ವಾಮಿ, ನಿಮ್ಮ ಕೈಯಾರೆ ಮೂರು ತಿಂಗಳು ಹೊಲಿದದ್ದು ಜಗತ್ತೆಲ್ಲ ಸುತ್ತಿ ನಿಮ್ಮ ಮನೆಯ ನೆಲದ ಮೇಲೇ ಕಸವಾಗಿ ಬಂದು ಬಿದ್ದರೆ ಏನಾಗುತ್ತದೆ ಹೇಳಿ? ಕಾಫಿ ಕುಡಿಯುತ್ತಿದ್ದ ನಮ್ಮವರು ನನ್ನ ಮುಖ ನೋಡಿ ಹತ್ತಿರ ಬಂದು ಬಗ್ಗಿದರು.

“ಇದು ನನ್ನ ಜೇಬಲ್ವೇನೇ?”

ತುಂಡನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿದರು. ಕಪ್ಪು ಜಿಡ್ಡಿನ ನಡುವೆ ಒಂದು ಗೇಣು ಹಸಿರು, ಅದಕ್ಕೆ ಸಾಸಿವೆ ಅಂಚು. ಅವರ ಕೈ ನಿಂತಿತು. “ಬೆಳಗ್ಗೆಯಿಂದ ಇದ್ರಲ್ಲೇ ಮೆಷಿನ್ ಒರೆಸ್ತಾ ಇದ್ದೆ ಕಣೇ,” ಎಂದರು, ಬಹಳ ಮೆಲ್ಲಗೆ. “ನೋಡ್ಲೇ ಇಲ್ಲ.” ಲೋಟದಲ್ಲಿ ಉಳಿದ ಕಾಫಿ ಆರಿಹೋಯಿತು, ಅವರು ಮತ್ತೆ ಮುಟ್ಟಲಿಲ್ಲ.

ಪಾತ್ರೆಯವರು ಬೀದಿ ಬೀದಿಯಲ್ಲಿ ಕೊಳ್ಳುವ ಹಳೇ ಬಟ್ಟೆಯೇ ವೇಸ್ಟ್ ಮೂಟೆಯಾಗಿ ಪೀಣ್ಯಕ್ಕೆ ಬರುವುದು ಎಂದು ಆಗ ಅವರಿಂದ ತಿಳಿಯಿತು. ನಮ್ಮವರಿಗೆ ದುಃಖ, ನನಗೆ ಸಿಟ್ಟು. ನನ್ನ ಹೊಲಿಗೆ ಹಾಳಾಗಿ ಹೋಗಲಿ, ಹೆತ್ತ ತಾಯಿಯ ಸೀರೆಯನ್ನು ಪಾತ್ರೆಯವಳ ಗಂಟಿಗೆ ಹಾಕುವ ಮಗಳೂ ಇರುತ್ತಾಳೆಯೇ? ಆ ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಶೋಭಾಳ ಜೊತೆ ಮನಸ್ಸಿನಲ್ಲೇ ಜಗಳವಾಡಿದೆ, ಅವಳ ಪರವಾಗಿ ಉತ್ತರವನ್ನೂ ನಾನೇ ಕೊಟ್ಟೆ, ಆ ಉತ್ತರಕ್ಕೆ ಇನ್ನಷ್ಟು ಸಿಟ್ಟಾದೆ. ಮುಂದಿನ ಭಾನುವಾರ ಆ ಮಗುವಿನ ಎರಡನೇ ವರ್ಷದ ಹುಟ್ಟುಹಬ್ಬಕ್ಕೆ ನಮ್ಮನ್ನು ಕರೆದಿದ್ದಳು. ಈ ತುಂಡನ್ನು ಅಲ್ಲೇ, ಎಲ್ಲರೆದುರು, ಕೇಕಿನ ಪಕ್ಕ ಇಡುತ್ತೇನೆ ಎಂದು ಪಣ ತೊಟ್ಟೆ. ಅವಳ ಮನೆಗೆ ಅದೇ ನನ್ನ ಕೊನೆಯ ಹೆಜ್ಜೆ ಎಂದೂ ನಿರ್ಧಾರವಾಯಿತು. ನಮ್ಮವರಿಗೆ ಇರುವುದು ಒಬ್ಬಳೇ ತಂಗಿ, ತಾಯಿಯೂ ಇಲ್ಲ, ತವರು ಎಂದರೆ ನಾವೇ ಎಂಬುದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಸಿಟ್ಟು ಇಳಿಯಲಿಲ್ಲ.

ಸೋಮವಾರ ಪಾತ್ರೆಯವಳು ಬಂದಳು. ಅವಳ ಕೂಗು ಕೇಳಿದ್ದೇ ನನಗೆ ಒಂದು ವಿಚಾರ ಹೊಳೆಯಿತು, ಹಾಳಾದ್ದು. ಶೋಭಾ ಬಸುರಿಯಾಗಿದ್ದಾಗ ಒಂದು ದೀಪಾವಳಿಗೆ ನಮ್ಮ ಮನೆಗೆ ಬಂದು ಬೆಡ್‌ಶೀಟ್ ಒಂದನ್ನು ಕೊಟ್ಟಿದ್ದಳು. ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ, ಡಬಲ್ ಕಾಟಿನದು. ನಾವು ಮಲಗುತ್ತಿದ್ದದ್ದು ನೆಲದ ಮೇಲೆ ಚಾಪೆ ಹಾಸಿ. ಮಂಚ ಕೊಂಡ ದಿನ ಹಾಸೋಣ, ಅಲ್ಲಿಯವರೆಗೆ ಕೊಳೆಯಾಗುವುದು ಬೇಡ ಎಂದು ಕವರಿನ ಸಮೇತ ಟ್ರಂಕಿನ ತಳದಲ್ಲಿಟ್ಟಿದ್ದೆ. ಹೊಸದನ್ನು ಮುಟ್ಟದೆ ಇಡುವುದು ನಮ್ಮಂಥವರಿಗೆ ಮರ್ಯಾದೆ ಕೊಡುವ ರೀತಿ. ಹೊಸ ಕುರ್ಚಿಯ ಪ್ಲಾಸ್ಟಿಕ್ಕು ತಾನಾಗಿ ಹರಿದು ಬೀಳುವವರೆಗೂ ಕೀಳುವವರಲ್ಲ ನಾವು.

ಅವಳು ನನ್ನದನ್ನು ಪಾತ್ರೆಗೆ ಹಾಕಿದಳಲ್ಲವೇ, ನಾನೂ ಅವಳದನ್ನು ಹಾಕುತ್ತೇನೆ. ಬಂದ ಪಾತ್ರೆಯನ್ನು ಅವಳಿಗೇ ಉಡುಗೊರೆ ಕೊಟ್ಟು ಬರುತ್ತೇನೆ. ಇಷ್ಟು ಚೆಂದದ ಸೇಡನ್ನು ನಾನು ಸೀರಿಯಲ್ಲಿನಲ್ಲೂ ನೋಡಿರಲಿಲ್ಲ. ಟ್ರಂಕಿನಿಂದ ಎಳೆದು ತಂದು ಪಾತ್ರೆಯವಳ ಮುಂದಿಟ್ಟೆ. ಅವಳೇ ಗಾಬರಿಯಾದಳು.

“ಇದು ಒಸದಲ್ವೇನಕ್ಕಾ? ಕವರ್ರೂ ಬಿಚ್ಚಿಲ್ವಲ್ಲ.”

ಬೇಕಾದರೆ ತೆಗೆದುಕೋ, ಇಲ್ಲದಿದ್ದರೆ ಮುಂದೆ ನಡಿ ಎಂದೆ. ಒಂದು ಚಮಚಕ್ಕೂ ಅರ್ಧ ಗಂಟೆ ಚೌಕಾಸಿ ಮಾಡುವ ಹೆಂಗಸು, ತುಟಿ ಪಿಟಕ್ಕೆನ್ನದೆ ಇದ್ದುದರಲ್ಲೇ ದೊಡ್ಡ, ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬವೊಂದನ್ನು ನನ್ನ ಕೈಗಿಟ್ಟು, ನಾನು ಮನಸ್ಸು ಬದಲಿಸುವ ಮೊದಲು ತಲೆಮೇಲಿನ ಬುಟ್ಟಿ ಅಲುಗಾಡುವಂತೆ ಬಿರಬಿರನೆ ಹೋಗಿಬಿಟ್ಟಳು. ನಾನು ಗೆದ್ದೆ ಎಂದುಕೊಂಡೆ. ಡಬ್ಬಕ್ಕೆ ಬಣ್ಣದ ಕಾಗದ ಸುತ್ತಿ, ಮೇಲೆ ಕಾಗದದ ಹೂ ಮಾಡಿ ಅಂಟಿಸಿದೆ. ಕೈಕೆಲಸ ನೋಡಿ, ಸಿಟ್ಟಿನಲ್ಲೂ ಬಿಡಲಿಲ್ಲ.

ಭಾನುವಾರ ಹೊರಟೆವು. ಡಬ್ಬ ನಮ್ಮವರ ಕೈಯಲ್ಲಿ, ಕೌದಿಯ ತುಂಡು ನನ್ನ ವ್ಯಾನಿಟಿ ಬ್ಯಾಗಿನಲ್ಲಿ. ಮೆಷಿನ್ ಎಣ್ಣೆಯ ವಾಸನೆಗೆ ಬಸ್ಸಿನಲ್ಲಿ ಪಕ್ಕದ ಹೆಂಗಸು ಮೂಗು ಮುಚ್ಚಿ ನನ್ನಿಂದ ಸರಿದು ಕೂತಳು. ಇವತ್ತು ಏನೂ ಮಾತಾಡಬೇಡ, ಮಗುವಿನ ಹಬ್ಬ ಎಂದು ನಮ್ಮವರು ದಾರಿಯುದ್ದಕ್ಕೂ ಅಂಗಲಾಚಿದರು. ಡಬ್ಬ ಎಲ್ಲಿಂದ ಬಂತು ಎಂಬುದು ಅವರಿಗೂ ಗೊತ್ತಿರಲಿಲ್ಲ. ಜಾಲಹಳ್ಳಿಯ ಆ ಬೀದಿಗಳಲ್ಲಿ ಒಂದು ನರಪಿಳ್ಳೆಯ ಸದ್ದಿಲ್ಲ, ನನ್ನ ಚಪ್ಪಲಿಯ ಸದ್ದು ನನಗೇ ಜಗಳಕ್ಕೆ ಬಂದ ಹಾಗೆ ಕೇಳುತ್ತಿತ್ತು.

ಶೋಭಾ ಬಾಗಿಲಲ್ಲೇ ನಿಂತಿದ್ದಳು. “ಬನ್ನಿ ಅತ್ತಿಗೆ” ಎಂದು ಕೈಹಿಡಿದು ಒಳಗೆ ಕರೆದುಕೊಂಡಳು. ನಾನು ಮುಖ ಗಂಟು ಹಾಕಿಕೊಂಡೇ ಹೊಸ್ತಿಲು ದಾಟಿದೆ. ಅಷ್ಟರಲ್ಲಿ ಒಳರೂಮಿನಿಂದ ಹೊಸ ಫ್ರಾಕಿನ ಮಗು ಬಂತು, ಹಿಂದೆ ನೆಲದ ಮೇಲೆ ಏನನ್ನೋ ಎಳೆದುಕೊಂಡು. ಹಸಿರು, ಸಾಸಿವೆ ಅಂಚು. ಕೌದಿ. ಅರ್ಧ ಕೌದಿ. ಕತ್ತರಿಸಿದ ಅಂಚನ್ನು ಯಾರೋ ಮಡಿಸಿ, ಕೋಳಿ ಕೆದರಿದಂತೆ ಹೊಲಿದಿದ್ದರು. ನಾನು ನಿಂತಲ್ಲೇ ನಿಂತುಬಿಟ್ಟೆ.

“ಬಿಟ್ರೆ ಕಿರುಚ್ತಾಳೆ ಅತ್ತಿಗೆ,” ಎಂದಳು ಶೋಭಾ. “ಹುಟ್ಟಿದಾಗಿಂದ ಇದೊಂದೇ. ಮಲಗಿರೋವಾಗ ಕದ್ದು ಒಗೀಬೇಕು.”

ಮಾತು ಕಮ್ಮಿಯ ಶೋಭಾ ಅವತ್ತು ತಾನಾಗಿ ಮಾತಾಡಿದಳು. ನಾನಿಟ್ಟ ಆ ಜೇಬಿನಲ್ಲಿ ಮಗು ತನ್ನ ಪಾಲಿನ ರಸ್ಕನ್ನೆಲ್ಲ ಬಚ್ಚಿಡುತ್ತಿತ್ತಂತೆ. ವಾಸನೆಗೆ ಇಲಿ ಬಂದು ಒಂದು ರಾತ್ರಿಯಲ್ಲಿ ಆ ಕಡೆಯ ಅರ್ಧವನ್ನು ಅಲ್ಲಲ್ಲಿ ಕಡಿದು ಹಾಕಿತಂತೆ. ಶೋಭಾ ಆ ಭಾಗ ಕತ್ತರಿಸಿ, ಅತ್ತಿಗೆಗೇ ಕೊಟ್ಟು ತೇಪೆ ಹಾಕಿಸೋಣ ಎಂದು ಎತ್ತಿಟ್ಟಿದ್ದಳು. ಅವಳು ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದ ದಿನ ಅವಳತ್ತೆ ಮನೆ ಗುಡಿಸಿ, ಹರಕು ಬಟ್ಟೆಯ ಜೊತೆ ಅದನ್ನೂ ಪಾತ್ರೆಯವಳಿಗೆ ಕೊಟ್ಟುಬಿಟ್ಟಿದ್ದರು. “ಎರಡು ದಿನ ಅನ್ನ ಇಳೀಲಿಲ್ಲ ನಂಗೆ. ಅಮ್ಮನ ಸೀರೆ ಅಲ್ವಾ. ನಿಮಗೆ ಹೆಂಗೆ ಮುಖ ತೋರ್ಸೋದು ಅಂತ ಗೊತ್ತಾಗ್ಲಿಲ್ಲ ಅತ್ತಿಗೆ.”

ನನ್ನ ಕೈ ತಾನಾಗಿಯೇ ಬ್ಯಾಗಿನ ಜಿಪ್ ಎಳೆಯಿತು. ಜಗಳಕ್ಕೆಂದು ಒಯ್ದದ್ದನ್ನು ಅವಳ ಮುಂದೆ ಹಿಡಿದೆ. ಶೋಭಾ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಹೊಸ ಸೀರೆಯನ್ನೂ ಲೆಕ್ಕಿಸದೆ ಆ ಜಿಡ್ಡು ತುಂಡನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟಳು. ಎಲ್ಲಿಂದ ಹುಡುಕಿ ತಂದಿರಿ, ಯಾರು ಹೇಳಿದರು, ಎಷ್ಟು ಅಲೆದಿರಿ ಎಂದು ಒಂದೇ ಸಮನೆ ಕೇಳಿದಳು. ನಮ್ಮವರು ಗೋಡೆಯ ಕ್ಯಾಲೆಂಡರ್ ಓದತೊಡಗಿದರು. ನಾನು ಪೀಣ್ಯದಲ್ಲಿ ಸಿಕ್ಕಿತು ಎಂದಷ್ಟೇ ಹೇಳಿದೆ. ಉಳಿದದ್ದನ್ನು ಅವಳೇ ಒಳ್ಳೆಯದಾಗಿ ತುಂಬಿಕೊಂಡಳು, ನಾನು ತುಂಬಿಕೊಳ್ಳಲು ಬಿಟ್ಟೆ. ನಾಚಿಕೆಯಿಂದ ನನ್ನ ಕಿವಿ ಸುಡುತ್ತಿತ್ತು.

ಕೇಕ್ ಆಯಿತು, ಕೇಸರಿಬಾತ್ ಆಯಿತು. ಬಂದವರೆಲ್ಲ ಹೊರಟ ಮೇಲೆ ಶೋಭಾ ಉಡುಗೊರೆಗಳನ್ನು ಒಂದೊಂದಾಗಿ ಬಿಚ್ಚಿದಳು. ನನ್ನ ಕಾಗದದ ಹೂವನ್ನು ಹರಿಯದಂತೆ ಕಿತ್ತು ಮಗುವಿನ ಕೈಗೆ ಕೊಟ್ಟು, ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಮುಚ್ಚಳ ತೆಗೆದು ಹಾಕಿ ನೋಡಿದಳು. ಎಷ್ಟು ಗಟ್ಟಿ ಇದೆ, ಯಾಕೆ ಇಷ್ಟೆಲ್ಲ ತರೋಕೆ ಹೋದ್ರಿ ಎಂದಳು. ಆಮೇಲೆ ತಲೆ ತಗ್ಗಿಸಿಯೇ ಕೇಳಿದಳು.

“ಒಂದ್ಮಾತು ಕೇಳ್ಲಾ ಅತ್ತಿಗೆ? ನಿಮ್ಮನೆಗೆ ಬಂದಾಗೆಲ್ಲ ನೋಡ್ತೀನಿ, ನಾನು ಕೊಟ್ಟ ಬೆಡ್‌ಶೀಟ್ ಒಂದಿನಾನೂ ಹಾಸಿರಲ್ಲ. ನಾಲ್ಕು ಮೂಲೇಲೂ ಮಲ್ಲಿಗೆ ಬಳ್ಳಿ ನಾನೇ ಹಾಕಿದ್ದು. ನೀವು ಮಾಡೋದು ನೋಡಿ ನೋಡಿ ಕಲ್ತಿದ್ದು. ಐದು ತಿಂಗಳು ಹಿಡೀತು. ಚೆನ್ನಾಗಿ ಬಂದಿಲ್ಲ ಅಂತ ಹಾಸ್ಲಿಲ್ವಾ?”

ಮಲ್ಲಿಗೆ ಬಳ್ಳಿ. ನನಗೆ ಗೊತ್ತೇ ಇರಲಿಲ್ಲ. ಅಂಗಡಿಯದು ಎಂದುಕೊಂಡಿದ್ದೆ. ಜಿಪ್ ಎಳೆದವಳಲ್ಲ, ಮಡಿಕೆ ಬಿಡಿಸಿದವಳಲ್ಲ. ಐದು ತಿಂಗಳು, ಬಸುರಿ, ಊದಿದ ಕಾಲು ಚಾಚಿಕೊಂಡು ಒಂದೊಂದೇ ಎಳೆ ಎಳೆದಿದ್ದಾಳೆ, ನನ್ನನ್ನು ನೋಡಿ ಕಲಿತು. ಅಯ್ಯೋ ನನ್ನ ಕರ್ಮವೇ, ಅದನ್ನು ನಾನು ಚೌಕಾಸಿಯನ್ನೂ ಮಾಡದೆ ಕೊಟ್ಟಿದ್ದೆ. ಮಂಚ ಬಂದ ಮೇಲೆ ಹಾಸುತ್ತೇನೆ ಎಂದು ಸುಳ್ಳು ಹೇಳಬಹುದಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಅವಳ ಎದೆಯ ಮೇಲೆ ಎಣ್ಣೆಯ ಕಲೆ ಹಾಗೇ ಇತ್ತು. ಹೇಳಲಾಗಲಿಲ್ಲ.

“ಆ ಡಬ್ಬಾನೇ ಅದು ಶೋಭಾ,” ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ನಮ್ಮವರು ಕ್ಯಾಲೆಂಡರಿನಿಂದ ತಿರುಗಿದರು. ನಾನು ಶನಿವಾರದ ಕವರಿನಿಂದ ಶುರುಮಾಡಿ ಪಾತ್ರೆಯವಳ ಬುಟ್ಟಿಯವರೆಗೆ ಒಂದನ್ನೂ ಬಿಡದೆ ಹೇಳಿದೆ, ಕೇಕಿನ ಪಕ್ಕ ಇಡಬೇಕೆಂದು ಪಣ ತೊಟ್ಟದ್ದನ್ನೂ. ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಡಬ್ಬವನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟು ಇಷ್ಟೇ ಕೇಳಿದಳು.

“ಒಂದ್ಸಲನೂ ಬಿಚ್ಚಿ ನೋಡ್ಲಿಲ್ವಾ?”

ಇಲ್ಲ ಎಂದು ತಲೆಯಾಡಿಸಿದೆ. ಅವಳು ಎದ್ದು ಒಳಗೆ ಹೋದಳು. ನಮ್ಮವರು ನನ್ನ ಕಡೆ ನೋಡಲಿಲ್ಲ. ಎದ್ದು ಹೊರಡುವುದೋ ಕೂತಿರುವುದೋ ತಿಳಿಯದೆ ಸೋಫಾದ ಅಂಚಿನಲ್ಲಿ ಹಾಗೇ ಇದ್ದೆ. ಐದು ನಿಮಿಷಕ್ಕೆ ಶೋಭಾ ಕುಂಕುಮದ ತಟ್ಟೆ ಹಿಡಿದು ಬಂದಳು. ಮುಖ ತೊಳೆದಿದ್ದಳು, ಕಣ್ಣು ಕೆಂಪಗಿದ್ದವು. ಅರಿಶಿನ ಕುಂಕುಮ ಕೊಟ್ಟಳು, ಹೂ ಕೊಟ್ಟಳು. ಎಲೆ ಅಡಿಕೆಯ ಮೇಲೆ ಇಡುವ ರವಿಕೆಕಣ ನಿಮಗೆ ಗೊತ್ತಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ಇರುತ್ತದೆ. ಯಾರೂ ಬಿಚ್ಚುವುದಿಲ್ಲ. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಹಾಗೇ ದಾಟಿಸುತ್ತೇವೆ. ನಮ್ಮ ಟ್ರಂಕಿನಲ್ಲೂ ಅಂಥವು ಒಂದು ಹತ್ತಿದ್ದವು.

ಶೋಭಾ ನನ್ನೆದುರು ನೆಲದ ಮೇಲೆ ಕೂತಳು. ರವಿಕೆಕಣದ ಕವರನ್ನು ಹಲ್ಲಿನಿಂದ ಕಚ್ಚಿ ಹರಿದಳು. ಬಟ್ಟೆಯನ್ನು ಹೊರಗೆ ತೆಗೆದು, ಮಡಿಕೆ ಮಡಿಕೆಯಾಗಿ ಬಿಡಿಸಿ, ನನ್ನ ಎರಡೂ ಮಂಡಿಗಳ ಮೇಲೆ ಪೂರ್ತಿ ಹರಡಿದಳು.

“ನೋಡಿ ಅತ್ತಿಗೆ,” ಎಂದಳು.

ನಾನು ನೋಡಿದೆ. ತಿಳಿ ನೀಲಿ ಬಟ್ಟೆ, ಬರೀ ಸಾದಾ. ಅದರ ಮೇಲೆ ಹೊಲಿಗೆಯೂ ಇರಲಿಲ್ಲ, ಹೂವೂ ಇರಲಿಲ್ಲ. ಆದರೂ ಈ ತುದಿಯಿಂದ ಆ ತುದಿಯವರೆಗೆ ಕೈಯಾಡಿಸುತ್ತಾ ನೋಡುತ್ತಲೇ ಕೂತೆ, ತಲೆ ಎತ್ತುವ ಧೈರ್ಯ ಬರಲಿಲ್ಲ.